ಇಪ್ಪತ್ತನಾಲ್ಕು ಚೀಲಗಳ ಹಾಯಿ

ಐವತ್ತು ಕಿಲೋ ಅಕ್ಕಿ ಚೀಲದ ತಳದ ಹೊಲಿಗೆಗೆ ಎರಡು ತುದಿ. ಸರಿಯಾದ ತುದಿ ಹಿಡಿದು ಎಳೆದರೆ ಹೊಲಿಗೆಯೆಲ್ಲ ಸರ್ರನೆ ಬಿಚ್ಚಿಕೊಂಡು ಮೊಳಗಟ್ಟಲೆ ದಾರವೂ ಕೈಗೆ ಬರುತ್ತದೆ. ತಪ್ಪು ತುದಿ ಎಳೆದರೆ ಗಂಟು ಬಿದ್ದು ಹಲ್ಲು, ಚಾಕು, ಬೈಗುಳ ಮೂರೂ ಬೇಕಾಗುತ್ತವೆ. ಅಂಪಾಸಿಯ ಬೆಸ್ತರೆಲ್ಲ ಇದನ್ನು ಅವರವರ ಹಣೆಬರಹ ಎಂದುಕೊಂಡು ಸುಮ್ಮನಿದ್ದರು. ಲಹಿಮಾಸಿ ಮಾತ್ರ, ಅಂಗಡಿಯ ಮದಾಂ ಜಸ್ತೀನ್ ತನಗೆ ಖಾಲಿ ಚೀಲ ಕೊಡುವ ಮೊದಲು ಒಳಗೆ ಹೋಗಿ ಸರಿಯಾದ ತುದಿಯನ್ನು ಬೇಕೆಂದೇ ಕತ್ತರಿಸಿ ಬರುತ್ತಾಳೆ ಎಂದು ನಂಬಿದ್ದ.

"ಅವಳಿಗೆ ಬೇರೆ ಕೆಲಸ ಇಲ್ವಾ?" ಎಂದು ಹೆಂಡತಿ ವಿನಾನಿ ಕೇಳಿದರೆ, "ಅದನ್ನೇ ನಾನೂ ಕೇಳ್ತಿರೋದು, ಅವಳಿಗೆ ಬೇರೆ ಕೆಲಸ ಇಲ್ವಾ ಅಂತ" ಎನ್ನುತ್ತಿದ್ದ.

ಲಹಿಮಾಸಿ ಹುಟ್ಟಿದ್ದೇ ಹಾಯಿಯ ಕೆಳಗೆ. ಮಡಗಾಸ್ಕರದ ನೈಋತ್ಯ ಕರಾವಳಿಯ ನಾವು ವೆಝೊಗಳು ಮಳೆ ಮುಗಿದು ದಕ್ಷಿಣದ ಗಾಳಿ ಎದ್ದಕೂಡಲೇ ಸಂಸಾರ ಸಮೇತ ದೋಣಿ ಹತ್ತಿ ಉತ್ತರದ ಮರಳುದಿಬ್ಬಗಳಿಗೆ ಮೀನಿಗೆ ಹೋಗುತ್ತೇವೆ. ಅಲ್ಲಿ ಮರವಿಲ್ಲ, ಮನೆಯಿಲ್ಲ. ದೋಣಿಯನ್ನು ಮರಳಿಗೆ ಎಳೆದು, ಹಾಯಿಯನ್ನು ಕೋಲುಗಳಿಂದ ಬಿಚ್ಚಿ ಡೇರೆ ಕಟ್ಟಿದರೆ ಆರು ತಿಂಗಳಿಗೆ ಅದೇ ಮನೆ. ಅಂಥ ಒಂದು ಮನೆಯಲ್ಲಿ ಲಹಿಮಾಸಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಹಾಯಿಯ ತೂತಿನಲ್ಲಿ ಇನ್ನೊಂದು ಕಣ್ಣು. ಅದು ಅವನ ಅಜ್ಜಿಯದು. ಮಗು ಗಂಡೋ ಹೆಣ್ಣೋ ಎಂದು ಹೊರಗಿನಿಂದ ಇಣುಕುತ್ತಿದ್ದಳು. ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂಬ ಗುಮಾನಿ ಅವನಿಗೆ ಅಂದಿನಿಂದಲೇ ಹತ್ತಿತೆಂದು ಊರಿನವರ ಲೆಕ್ಕಾಚಾರ.

ಅವನ ಅಪ್ಪನ ಕಾಲದಲ್ಲಿ ಹಿಟ್ಟಿನ ಚೀಲಗಳು ಹತ್ತಿ ಬಟ್ಟೆಯವು. ಅವನ್ನು ಜೋಡಿಸಿ ಹೊಲಿದ ಹಾಯಿಗೆ ದಾರಿಯುದ್ದಕ್ಕೂ ಸೋರೆಬುರುಡೆಯಲ್ಲಿ ನೀರೆರಚುತ್ತಿರಬೇಕು. ಒದ್ದೆಯಾದರೆ ನೂಲು ಉಬ್ಬಿ ಹಾಯಿಯಲ್ಲಿ ಗಾಳಿ ನಿಲ್ಲುತ್ತದೆ. ಅಪ್ಪ ಒಮ್ಮೆ ಆ ಹಾಯಿಯನ್ನು ದಾಯಾದಿಯೊಬ್ಬನಿಗೆ ಎರಡು ದಿನಕ್ಕೆ ಕೊಟ್ಟ. ಮರಳಿ ಬಂದಾಗ ನಡುವಿನ ಒಂದು ಚೀಲ ಮಾಯವಾಗಿ, ಆ ಜಾಗದಲ್ಲಿ ಯಾರದೋ ಹಳೆಯ ಲಂಗ ಕೂತಿತ್ತು. "ಮಗಾ, ಗಾಳಿ ಒಂದನ್ನು ನಂಬು" ಎಂದಿದ್ದ ಅಪ್ಪ. "ಅದು ಬರ್ತೇನೆ ಅಂತ ಯಾವತ್ತೂ ಮಾತು ಕೊಡೋದಿಲ್ಲ."

ಈಗಿನದು ಪ್ಲಾಸ್ಟಿಕ್ ನೇಯ್ಗೆಯ ಅಕ್ಕಿ ಚೀಲ. ನೀರೆರಚುವ ಕೆಲಸವಿಲ್ಲ, ಪುಕ್ಕಟೆಯಾಗಿ ಇಲ್ಲವೇ ಒಂದು ಒಣಮೀನಿಗೆ ಸಿಗುತ್ತದೆ, ಹಗುರ. ದೋಷ ಒಂದೇ. ಬಿಸಿಲು ಅದನ್ನು ತಿನ್ನುತ್ತದೆ. ಒಂದು ವರ್ಷ ದುಡಿದ ಹಾಯಿಯನ್ನು ಕೈಯಲ್ಲಿ ಹಿಸುಕಿದರೆ ಬೂದಿಯಂತೆ ಉದುರುತ್ತದೆ. ಹೀಗಾಗಿ ವರ್ಷವರ್ಷವೂ ಹೊಸದು ಹೊಲಿಯಬೇಕು. ಹೋದ ವರ್ಷ ಲಹಿಮಾಸಿ, ಚೀಲಗಳು ಬೇಗ ಹಾಳಾಗುತ್ತವೆ ಎಂಬುದು ಚೀಲ ಮಾರುವವರೇ ಹಬ್ಬಿಸಿದ ಸುದ್ದಿ ಇರಬಹುದೆಂದು ಅನುಮಾನಿಸಿ ಹಳೆಯ ಹಾಯಿಯಲ್ಲೇ ಹೊರಟ. ಎರಡನೆಯ ದಿನ ನಡುನೀರಿನಲ್ಲಿ ಅದು ಬೆಳ್ಳಗೆ ಪುಡಿಯಾಗಿ ವಿನಾನಿಯ ತಲೆಯ ಮೇಲೆ ಸುರಿಯಿತು. ಗಂಡಹೆಂಡಿರು ಹುಟ್ಟು ಹಾಕಿಕೊಂಡು ಹಿಂದಿರುಗಿದರು. ಉಳಿದ ಹದಿನೇಳು ದೋಣಿಗಳು ಉತ್ತರಕ್ಕೆ ಹೋದವು. ಆರು ತಿಂಗಳು ಅಂಪಾಸಿಯಲ್ಲಿ ಮುದುಕರು, ಬಾಣಂತಿಯರು ಮತ್ತು ಲಹಿಮಾಸಿ. ಮರಗೆಣಸು ತಿಂದು ತಿಂದು ಅವನ ಮುಖವೇ ಮರಗೆಣಸಿನಂತಾಯಿತು.

ಈ ವರ್ಷ ವಿನಾನಿ ಮೊದಲೇ ಹೇಳಿಬಿಟ್ಟಳು. ಮುಖಕ್ಕೆ ಮರದ ಗಂಧ ತೇಯ್ದು ದಪ್ಪಗೆ ಹಚ್ಚಿಕೊಂಡಿದ್ದಳು. ಅದು ಒಣಗುವಾಗ ಬಿರುಕು ಬಿಡಬಾರದೆಂದು ತುಟಿ ಅಲ್ಲಾಡಿಸದೆ ಮಾತಾಡುವುದು ಅವಳ ಅಭ್ಯಾಸ.

"ದೋಣಿಗಳು ಹೊರಡೋ ದಿನ ನಿನ್ನ ಹಾಯಿ ಕೋಲಿಗೆ ಏರಿದ್ದರೆ ನಿನ್ನ ಜೊತೆ ಬರ್ತೇನೆ. ಇಲ್ಲಾಂದ್ರೆ ತಮ್ಮನ ದೋಣಿಯಲ್ಲಿ ಹೋಗ್ತೇನೆ. ನೀನು ಇಲ್ಲೇ ಕೂತು ಏಡಿಗಳ ಮೇಲೆ ಅನುಮಾನ ಪಡ್ತಾ ಇರು."

ಬೇರೆಯವರ ದೋಣಿಯಲ್ಲಿ ಹೋಗುವುದೆಂದರೆ ಬೇರೆಯವರ ಹಾಯಿಯ ಕೆಳಗೆ ಸಂಸಾರ ಹೂಡುವುದು. ಹಾಗಾದರೆ ಲಹಿಮಾಸಿ ಮನೆಯಿಲ್ಲದವನು. ಇಡೀ ಕರಾವಳಿಗೇ ಅದು ಗೊತ್ತಾಗುತ್ತದೆ.

ಆದ್ದರಿಂದ ಅವನು ಹೊಲಿಯಲು ಕೂತ. ಎಲ್ಲರೂ ದಡದ ಮೇಲೆ ಹರಟುತ್ತ ಹೊಲಿದರೆ, ಇವನು ಮನೆಯ ಹಿಂದೆ ಬೇಲಿಗೆ ಬೆನ್ನು ಕೊಟ್ಟು ಹೊಲಿದ. ಚೀಲದ ಪಕ್ಕವನ್ನು ಸೀಳಿ ಬಿಡಿಸಿ, ನೂಲು ಬಿಚ್ಚದಂತೆ ಅಂಚಿಗೆ ಕೆಂಡ ಸವರಿ, ಒಂದರ ಮೇಲೊಂದು ನಾಲ್ಕು ಬೆರಳು ಹತ್ತಿಸಿ, ಎರಡು ಸಾಲು ಹೊಲಿಗೆ. ಸೂಜಿ, ಮುರಿದ ಕೊಡೆಯ ಕಡ್ಡಿಯದು. ದಾರ, ಹಳೆಯ ಬಲೆ ಬಿಚ್ಚಿ ತೆಗೆದದ್ದು. ಅಗಲಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತು. ಕೋಲಿನ ತುದಿ ಕೂರುವ ಮೂಲೆಗಳಿಗೆ ಇನ್ನೊಂದೊಂದು ಪದರ, ಅಲ್ಲಿಗೆ ಇಪ್ಪತ್ತನಾಲ್ಕು. ಮೂಲೆಗಳು ಸವೆಯದಿರಲಿ ಎಂದು ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಒಳಗಿಟ್ಟು ಹೊಲಿದ. ಕೆಲವು ಚೀಲಗಳ ಮೇಲೆ ಗಿಳಿ, ಕೆಲವದರ ಮೇಲೆ ಆನೆ. ಗಿಳಿಗಳೆಲ್ಲ ತಲೆಕೆಳಗಾಗಿ ನೇತಾಡುವಂತೆ ಬೇಕೆಂದೇ ಜೋಡಿಸಿದ, ದೂರದಿಂದ ನೋಡಿದರೂ ಇದು ತನ್ನದೇ ಎಂದು ಗೊತ್ತಾಗಲಿ ಎಂದು. ಅದೂ ಸಾಲದೆ ಪ್ರತಿ ಚೀಲದ ಮೂಲೆಯಲ್ಲಿ, ಹಿಂಬದಿಗೆ, ಹಸಿರು ದಾರದ ಒಂದು ಗುಟ್ಟಿನ ಗಂಟು ಹಾಕಿದ.

ಒಂದೇ ಕೊರತೆ. ಹಾಯಿಯ ಸುತ್ತಲೂ ಅಂಚಿಗೆ ಗಟ್ಟಿ ಹಗ್ಗ ಕೂಡಿಸಿ ಹೊಲಿಯಬೇಕು, ಇಲ್ಲದಿದ್ದರೆ ಮೊದಲ ಬಿರುಗಾಳಿಗೇ ಅಂಚು ಸೀಳುತ್ತದೆ. ಅವನಲ್ಲಿದ್ದ ಹಗ್ಗ ಮುದಿ ಹಾವಿನಂತೆ ಎಲ್ಲೆಲ್ಲೋ ಊದಿಕೊಂಡು ಎಲ್ಲೆಲ್ಲೋ ಸೊರಗಿತ್ತು. ಇರಲಿ, ಮೊದಲು ಹಾಯಿಗೆ ಒಂದು ದಿನ ಗಾಳಿ ಕುಡಿಸೋಣ, ಹೊಲಿಗೆಗಳು ಎಳೆದಷ್ಟು ಎಳೆದುಕೊಳ್ಳಲಿ ಎಂದು ಅದನ್ನು ಹಿತ್ತಲ ಬೇಲಿಯ ಮೇಲೆ ಕಟ್ಟಿದ. ಅದು ಬುಧವಾರ. ಒಳನಾಡಿನ ರೈತರು ಎತ್ತಿನ ಗಾಡಿಗಳಲ್ಲಿ ಮುಸುಕಿನ ಜೋಳ, ಗೆಣಸು ತಂದು ಒಣಮೀನಿಗೆ ಬದಲಾಯಿಸಿಕೊಳ್ಳುವ ದಿನ. ಲಹಿಮಾಸಿಯೂ ಮೀನಿನ ಬುಟ್ಟಿಯೊಂದಿಗೆ ದಡಕ್ಕೆ ಹೋಗಿದ್ದ. ಮಧ್ಯಾಹ್ನ ಬಂದು ನೋಡಿದರೆ ಬೇಲಿ ಇತ್ತು, ಹಾಯಿ ಇರಲಿಲ್ಲ.

ಬೇರೆಯವರಾಗಿದ್ದರೆ ಕಿರುಚುತ್ತಿದ್ದರು. ಲಹಿಮಾಸಿಗೆ ಮೊದಲು ಆದದ್ದು ಒಂದು ಬಗೆಯ ಸಮಾಧಾನ. ನಲವತ್ತೆಂಟು ವರ್ಷಗಳಿಂದ ತಾನು ಹೇಳುತ್ತ ಬಂದದ್ದು ಕೊನೆಗೂ ನಿಜವಾಗಿತ್ತು.

ಆಮೇಲೆ ಬೆರಳು ಮಡಚಿ ದಿನ ಎಣಿಸಿದ. ದಕ್ಷಿಣದ ಗಾಳಿಗೆ ಹೆಚ್ಚೆಂದರೆ ಹತ್ತು ದಿನ. ಇನ್ನೊಂದು ಹಾಯಿಗೆ ಬೇಕಾದ ಚೀಲಗಳನ್ನು ಈಗ ಮದಾಂ ಜಸ್ತೀನ್ ಇಡೀ ಊರಿಗೆ ಅನ್ನ ಉಣ್ಣಿಸಿದರೂ ಖಾಲಿ ಮಾಡಲಾರಳು. ಕೋರಾ ಬಟ್ಟೆ ಕೊಳ್ಳಲು ಅಷ್ಟು ಅರಿಯಾರಿ ಹಣವನ್ನು ಅವನ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ.

ಮೊದಲ ಗುಮಾನಿ ಮದಾಂ ಜಸ್ತೀನ್ ಮೇಲೆ. ಅವಳು ಕದ್ದ ಹಾಯಿ ಬಿಚ್ಚಿ ಚೀಲಗಳನ್ನು ಮತ್ತೆ ತನಗೇ ಒಣಮೀನಿಗೆ ಮಾರುತ್ತಾಳೆ ಎಂದು ಅವನ ತರ್ಕ. ಅಂಗಡಿಗೆ ಹೋಗಿ ಉಪ್ಪು ಕೇಳುವ ನೆಪದಲ್ಲಿ ಒಳಗೆ ಕತ್ತು ಚಾಚಿದ.

"ಏನು ಹುಡುಕ್ತಾ ಇದ್ದೀಯಪ್ಪಾ?" ಎಂದಳು ಅವಳು.

"ಉಪ್ಪು."

"ಸಮುದ್ರದಲ್ಲಿ ಮುಗೀತಾ?"

ಎರಡನೆಯ ಗುಮಾನಿ ಇಡೀ ಊರಿನ ಮೇಲೆ. ಮರುದಿನ ಬಿಸಿಲು ಏರಿ ಜನ ಊಟಕ್ಕೆ ಹೋದ ಹೊತ್ತಿನಲ್ಲಿ ಅವನು ದಡದಲ್ಲಿ ಮಡಚಿಟ್ಟ ಒಂದೊಂದು ಹಾಯಿಯ ಮೂಲೆಯನ್ನೂ ಎತ್ತಿ ಹಸಿರು ಗಂಟಿಗಾಗಿ ತಡಕಿದ. ಹದಿನೇಳು ಹಾಯಿಗಳಲ್ಲಿ ಹದಿನಾರು ಮುಗಿದವು. ಹದಿನೇಳನೆಯದು ವಿನಾನಿಯ ತಮ್ಮ ಎಡ್ಮೋನದು. ಮೂಲೆ ಎತ್ತಿದ. ಹಸಿರು ಗಂಟು. ಇನ್ನೊಂದು ಮೂಲೆ ಎತ್ತಿದ. ಅಲ್ಲೂ ಹಸಿರು ಗಂಟು.

ಎಡ್ಮೋ ದೋಣಿಯ ನೆರಳಲ್ಲೇ ಮಲಗಿದ್ದವನು ಒಂದು ಕಣ್ಣು ತೆರೆದ. "ಏನು ಭಾವ, ನನ್ನ ಹಾಯಿಗೆ ಜ್ವರ ಬಂದಿದೆಯಾ, ಮುಟ್ಟಿ ನೋಡ್ತಾ ಇದ್ದೀಯ?"

"ಈ ಗಂಟು ಯಾರು ಹಾಕಿದ್ದು?"

"ಹೊಲಿದವರು."

"ಹಸಿರು ದಾರ ನನ್ನದು."

"ಸಮುದ್ರದ ನೀರೂ ಹಸಿರೇ ಇದೆ. ಅದೂ ನಿನ್ನದೇ ಇರಬೇಕು, ಮನೆಗೆ ತಗೊಂಡು ಹೋಗು."

"ಕಳ್ಳತನ ಮಾಡಿ ಮಾತು ಬೇರೆ" ಎಂದ ಲಹಿಮಾಸಿ.

ಅಷ್ಟಕ್ಕೆ ಎಡ್ಮೋ ಎದ್ದು ಕೂತ. ನಗುತ್ತಿದ್ದ ಮುಖದಿಂದ ನಗು ಇಳಿದುಹೋಯಿತು. "ಭಾವ, ಹಾಯಿ ಇಲ್ಲ ಅಂತ ಕೇಳಿದ್ದರೆ ನನ್ನದರಲ್ಲಿ ಅರ್ಧ ಬಿಚ್ಚಿ ಕೊಡ್ತಿದ್ದೆ. ಈಗ ಕೊಡೋದಿಲ್ಲ" ಎಂದು ಮತ್ತೆ ಮಲಗಿ ಮುಖದ ಮೇಲೆ ಟೋಪಿ ಎಳೆದುಕೊಂಡ.

ಸುದ್ದಿ ಲಹಿಮಾಸಿಗಿಂತ ಮೊದಲೇ ಮನೆ ಮುಟ್ಟಿತ್ತು. ವಿನಾನಿಯ ಮುಖದ ಗಂಧ ಹಣೆಯಿಂದ ಗಲ್ಲದವರೆಗೆ ಬತ್ತಿ ಬಿರಿದ ಕೆರೆಯಂಗಳವಾಗಿತ್ತು.

"ಆ ಗಂಟು ನಾನು ಹಾಕಿದ್ದು. ಹೋದ ತಿಂಗಳು ನನ್ನ ತಮ್ಮನ ಹಾಯಿ ಹೊಲಿದುಕೊಟ್ಟೆ, ನಿನ್ನ ದಾರದ ಉಂಡೆಯಿಂದಲೇ. ಗಂಟು ಹಾಕಿದರೆ ಹೊಲಿಗೆ ಭದ್ರ ಅಂತ ನೀನೇ ತಾನೇ ಹೇಳಿದ್ದು?"

ಅದು ಗುಟ್ಟಿನ ಗಂಟು ಎಂದು ಅವನು ಹೆಂಡತಿಗೂ ಹೇಳಿರಲಿಲ್ಲ. ಕೇಳಿದಾಗ ಭದ್ರತೆಗೆ ಎಂದುಬಿಟ್ಟಿದ್ದ. ಒಂದು ಗಳಿಗೆ ಅವನಿಗೆ ನಾಚಿಕೆಯಾಯಿತು. ಮರುಗಳಿಗೆಯಲ್ಲಿ, ಅಕ್ಕತಮ್ಮ ಇಬ್ಬರೂ ಸೇರಿಕೊಂಡಿದ್ದರೆ, ಎನಿಸಿತು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಇಪ್ಪತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಗಂಡನ ಹುಬ್ಬು ಓದಲು ಬರುತ್ತದೆ. ವಿನಾನಿ ತನ್ನ ಚಾಪೆಯನ್ನು ಸುತ್ತಿಕೊಂಡು ತಮ್ಮನ ಮನೆಗೆ ನಡೆದಳು.

ಒಂದು ವಾರ ಅಂಪಾಸಿ ಕೆಟ್ಟಿತು. ಗುಮಾನಿ ನೆಗಡಿಯ ಹಾಗೆ. ಒಬ್ಬ ಸೀನಿದರೆ ಸಾಕು. ಲಹಿಮಾಸಿ ತಮ್ಮ ಹಾಯಿಗಳ ಮೂಲೆ ಎತ್ತಿ ನೋಡಿದ್ದು ಗೊತ್ತಾದ ಮೇಲೆ ಎಲ್ಲರೂ ಹಾಯಿಗಳನ್ನು ಮನೆಯೊಳಗೆ ಒಯ್ದು ಅವುಗಳ ಮೇಲೆ ಮಲಗತೊಡಗಿದರು. ಸಾಲ ಕೊಟ್ಟ ಸೂಜಿಗಳನ್ನು ವಾಪಸ್ ಕೇಳಿದರು. ಕೊನೆಗೆ ಊರಿನ ಹಿರಿಯ ತಲಾತಾ ಅಜ್ಜನಿಗೆ ಸಾಕಾಯಿತು. ಕಳ್ಳನೊಬ್ಬ ಜೊತೆಗಿದ್ದಾನೆಂಬ ಅನುಮಾನ ಹೊತ್ತು ದೋಣಿಗಳು ಹೊರಡಬಾರದು. ಬುಧವಾರ ಎಲ್ಲ ಗಂಡಸರೂ ದಡಕ್ಕೆ ಬಂದು ನನ್ನ ದೋಣಿಯ ಕೋಲು ಮುಟ್ಟಿ ಆಣೆ ಮಾಡಬೇಕು ಎಂದ.

ಬುಧವಾರ ಬಂತು, ಜೊತೆಗೆ ಗಾಡಿಗಳೂ ಬಂದವು. ಮೊದಲ ಗಾಡಿಯಲ್ಲಿ ಅಂಕಿಲಿ ಊರಿನ ರೆಫೋಟಿ. ಅವನು ಲಹಿಮಾಸಿಗೆ ಝಿವಾ. ಝಿವಾ ನೆಂಟನಲ್ಲ, ಗೆಳೆಯನೂ ಅಲ್ಲ. ಎರಡು ಕುಲಗಳ ಮುತ್ತಜ್ಜಂದಿರು ಯಾವುದೋ ಕಾಲದಲ್ಲಿ ರಕ್ತ ಮುಟ್ಟಿ ಮಾಡಿಟ್ಟ ಒಪ್ಪಂದ: ಝಿವಾಗಳು ಎದುರಾದಾಗ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬಯ್ಯಬಹುದು, ಕೈಗೆ ಸಿಕ್ಕಿದ್ದನ್ನು ಕೇಳದೆ ಒಯ್ಯಬಹುದು, ಯಾರೂ ಸಿಟ್ಟಾಗುವಂತಿಲ್ಲ. ಝಿವಾ ಮೇಲೆ ಸಿಟ್ಟಾದವನ ಬಲೆಗೆ ಮೀನು ಬೀಳದು, ಹೊಲಕ್ಕೆ ಮಳೆ ಬೀಳದು. ಹೋದ ವರ್ಷ ರೆಫೋಟಿ ಅವನ ಬೇಯುತ್ತಿದ್ದ ಮೀನಿನ ಪಾತ್ರೆಯನ್ನೇ ಒಲೆಯಿಂದ ಎತ್ತಿಕೊಂಡು ಹೋಗಿದ್ದ. ಲಹಿಮಾಸಿ ಅವನ ಟೋಪಿ ಹಾರಿಸಿದ್ದ.

"ಏನ್ರೋ ಉಪ್ಪುಮೀನುಗಳಾ, ಯಾರಾದರೂ ಸತ್ತರಾ?" ಎನ್ನುತ್ತ ರೆಫೋಟಿ ಗಾಡಿಯಿಂದ ಇಳಿದ.

"ನನ್ನ ಹಾಯಿ ಹೋಯ್ತು ಕಣೋ ಮಣ್ಣುಹುಳಾ" ಎಂದ ಲಹಿಮಾಸಿ.

"ಅದಾ? ಅದನ್ನು ನಾನು ತಗೊಂಡು ಹೋದೆ."

ಝಿವಾನ ತಮಾಷೆಗೆ ದಡವೆಲ್ಲ ಗೊಳ್ಳೆಂದಿತು. ವಾರದಿಂದ ನಗದ ಊರು. ತಲಾತಾ ಅಜ್ಜ ಕೂಡ ಕೆಮ್ಮು ಬರುವಷ್ಟು ನಕ್ಕ.

"ತಗೊಂಡು ಹೋಗಿ ಏನು ಮಾಡಿದೆ? ಎತ್ತಿಗೆ ಕಟ್ಟಿದೆಯಾ?" ಎಂದ ಲಹಿಮಾಸಿ, ದುಃಖದಲ್ಲೂ ಝಿವಾನ ಪಾಲಿನ ಮಾತು ಬಾಕಿ ಇಡಬಾರದೆಂದು.

"ಅದರ ಮೇಲೆ ಜೋಳ ಒಣಗಿಸ್ತಾ ಇದ್ದೇನೆ. ಒಳ್ಳೇ ಹಾಯಿ. ಗಿಳಿಗಳು ತಲೆಕೆಳಗಾಗಿವೆ, ಹೊಲಿದವನ ತಲೆಯ ಹಾಗೇ."

ಮತ್ತೆ ನಗು. ರೆಫೋಟಿ ಗಾಡಿಯಿಂದ ಒಂದು ಮೂಟೆ ಜೋಳ ಎತ್ತಿ ಲಹಿಮಾಸಿಯ ಕಾಲ ಬುಡದಲ್ಲಿ ದೊಪ್ಪನೆ ಇಳಿಸಿದ. "ಹಿಡಿ, ನಿನ್ನ ಹಾಯಿಯ ಬಾಡಿಗೆ. ನನ್ನ ಆಳು ಹಸಿದು ಸತ್ತರೆ ನನಗೇ ನಷ್ಟ."

"ನಿನ್ನಜ್ಜ ನಮ್ಮಜ್ಜನ ಆಳು" ಎಂದು ಲಹಿಮಾಸಿ ಪದ್ಧತಿಯಂತೆ ತಿರುಗಿ ಹೇಳಿ, ಮೂಟೆಯ ಬಾಯಿ ಬಿಚ್ಚಿ ಹುಳ ಇದೆಯೇ ಎಂದು ನೋಡಿದ. ಇರಲಿಲ್ಲ. ಅದೂ ಅನುಮಾನದ ವಿಷಯವೇ.

ಆಮೇಲೆ ಆಣೆ ನಡೆಯಿತು. ಒಬ್ಬೊಬ್ಬನೇ ಬಂದು ಕೋಲು ಮುಟ್ಟಿ, "ನನ್ನ ಕೈ ಮುಟ್ಟಿದ್ದರೆ ನನ್ನ ಹಾಯಿ ನಡುನೀರಲ್ಲಿ ಸೀಳಲಿ" ಎಂದ. ಎಡ್ಮೋ ಭಾವನ ಮುಖ ನೋಡದೆ ಹೇಳಿದ. ರೆಫೋಟಿಯೂ ಸಾಲಿಗೆ ಬಂದಾಗ ಅಜ್ಜ, "ನೀನು ಹೋಗಯ್ಯ, ನಿನ್ನ ಮಾತು ಲೆಕ್ಕಕ್ಕಿಲ್ಲ, ನಿನಗೆ ಹಾಯಿಯೂ ಇಲ್ಲ" ಎಂದು ಅಟ್ಟಿದ. ಎಲ್ಲರ ಆಣೆ ಮುಗಿದರೂ ಯಾರೂ ಸಿಗಲಿಲ್ಲ. ಗಾಳಿ ಆಗಲೇ ದಕ್ಷಿಣದಿಂದ ಬೀಸತೊಡಗಿತ್ತು. ಶುಕ್ರವಾರದ ಏರುನೀರಿಗೆ ಹೊರಡುವುದೆಂದು ಅಲ್ಲೇ ತೀರ್ಮಾನವಾಯಿತು.

ಗುರುವಾರ ಬೆಳಕು ಹರಿಯುವಾಗ ವಿನಾನಿ ಮನೆಗೆ ಬಂದಳು. ಗಂಡನ ಮೇಲಿನ ಕರುಣೆಯಿಂದಲ್ಲ, ಒನಕೆ ಅಲ್ಲಿತ್ತು. ಪ್ರಯಾಣಕ್ಕೆ ಜೋಳ ಕುಟ್ಟಿಕೊಳ್ಳಬೇಕಿತ್ತು. ಮೂಟೆ ಹೇಗೂ ಇದೆಯಲ್ಲ ಎಂದು ಬೊಗಸೆ ತುಂಬ ಎತ್ತಿ ಮೊರಕ್ಕೆ ಸುರಿದಳು, ಕೇರಿದಳು. ಕೈ ನಿಂತಿತು.

"ಬಾ ಇಲ್ಲಿ" ಎಂದಳು.

ಹಳದಿ ಕಾಳುಗಳ ನಡುವೆ, ಉಗುರಿನಷ್ಟು ಪ್ಲಾಸ್ಟಿಕ್ ನೇಯ್ಗೆಯ ಚೂರಿಗೆ ಅಂಟಿಕೊಂಡು, ಒಂದು ಹಸಿರು ಗಂಟು.

ಲಹಿಮಾಸಿ ಅದನ್ನು ಅಂಗೈಯಲ್ಲಿಟ್ಟು ನೋಡಿದ. ಅಂಗಡಿಯವಳನ್ನು, ಭಾವಮೈದುನನನ್ನು, ಹದಿನೇಳು ದೋಣಿಗಳವರನ್ನು, ಕಟ್ಟಿಕೊಂಡ ಹೆಂಡತಿಯನ್ನೂ ಅವನು ಸಂಶಯಿಸಿದ್ದ. ಇಡೀ ಊರಿನ ಎದುರು ನಾನೇ ಒಯ್ದೆ ಎಂದವನೊಬ್ಬನನ್ನು ಬಿಟ್ಟು.

"ಅವನು ಹೇಳಿದ" ಎಂದ.

"ನಮಗೆಲ್ಲ ಕೇಳಿಸ್ತು" ಎಂದಳು ವಿನಾನಿ. ಮುಖದ ಗಂಧ ಇನ್ನೂ ಹಸಿಯಾಗಿತ್ತು. ನಗುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.

ಅಂಕಿಲಿಗೆ ಅರ್ಧ ದಿನದ ನಡಿಗೆ. ಮುಳ್ಳುಕಾಡಿನ ದಾರಿಯಲ್ಲಿ ಅವನು ಬೈಗುಳಗಳನ್ನು ಜೋಡಿಸಿಕೊಂಡು ಹೋದ. ಎಲ್ಲವೂ ಝಿವಾಗೆ ಹೇಳಬಹುದಾದವೇ, ಆದ್ದರಿಂದ ಯಾವುದರಲ್ಲೂ ಸುಖವಿರಲಿಲ್ಲ. ಹುಣಸೆಮರದ ಕೆಳಗೆ ರೆಫೋಟಿಯ ಅಂಗಳ. ಅಂಗಳದ ತುಂಬ ಹಾಯಿ. ಹಾಯಿಯ ತುಂಬ ಜೋಳ. ತಲೆಕೆಳಗಾದ ಗಿಳಿಗಳು ಕಾಳಿನ ನಡುವೆ ಮೇಯುತ್ತಿರುವಂತೆ ಕಾಣುತ್ತಿದ್ದವು.

"ಬಾಡಿಗೆ ಸಾಲದೇ ಹೋಯ್ತಾ?" ಎಂದ ರೆಫೋಟಿ, ಕೂತಲ್ಲಿಂದಲೇ.

ಲಹಿಮಾಸಿಗೆ ಸಿಟ್ಟು ಬಂದಿತ್ತು, ಆದರೆ ಝಿವಾನ ಮೇಲೆ ಸಿಟ್ಟಾಗುವಂತಿಲ್ಲ. ಆರು ತಿಂಗಳ ಬಲೆಗಳನ್ನು ನೆನೆದು ಅವನು ನಕ್ಕ. ಆ ನಗು ಕೇಳಿ ಕೋಳಿಗಳು ಬದಿಗೆ ಸರಿದವು.

"ಯಾಕೆ ಒಯ್ದೆಯೋ?"

"ಮೋಡ ಕಟ್ಟಿತ್ತು. ಅಂಗಳದಲ್ಲಿ ಜೋಳ ಬಿದ್ದಿತ್ತು. ನಿನ್ನ ಬೇಲಿಯ ಮೇಲೆ ಇಷ್ಟಗಲ ಚಾಪೆ ಕಂಡಿತು. ಮಳೆ ಬರೋ ಹಾಗಿದ್ದರೆ ಮುಚ್ಚೋಕಾಯ್ತು, ಬಿಸಿಲಾದರೆ ಹಾಸೋಕಾಯ್ತು. ನಿಮ್ಮ ದೋಣಿ ಹೊರಡೋದಕ್ಕೆ ಮೊದಲು ತಂದುಕೊಡ್ತಿದ್ದೆ. ನೀನು ಬೇಕು ಅನ್ನಲೇ ಇಲ್ಲ."

"ನೀನು ತಮಾಷೆ ಮಾಡ್ತಿದ್ದೀಯ ಅಂದುಕೊಂಡೆ."

"ನಾನು ನಿನಗೆ ಯಾವತ್ತಾದರೂ ಸುಳ್ಳು ಹೇಳಿದ್ದೇನಾ?"

ಲಹಿಮಾಸಿ ಯೋಚಿಸಿದ. ಮೂವತ್ತು ವರ್ಷಗಳಿಂದ ಈ ಮನುಷ್ಯ ಅವನಿಗೆ ಜಿಪುಣ, ಹೇಡಿ, ಹೆಂಡತಿಗೆ ಹೆದರುವವನು, ಮೂಗು ಸೊಟ್ಟ ಎಂದು ಹೇಳುತ್ತ ಬಂದಿದ್ದ. ಹುಡುಕಿದರೆ ಒಂದೂ ಸುಳ್ಳು ಸಿಗಲಿಲ್ಲ.

ರೆಫೋಟಿಯ ಹೆಂಡತಿ, ಪಾತ್ರೆಯ ತಳಕ್ಕೆ ಸೀದ ಅನ್ನಕ್ಕೆ ನೀರು ಹೊಯ್ದು ಕುದಿಸಿ, ಕುಡಿಯಲು ತಂದುಕೊಟ್ಟಳು. ಕುಡಿಯುತ್ತಿದ್ದ ಲಹಿಮಾಸಿಯ ಕಣ್ಣು ಅಂಗಳವನ್ನೆಲ್ಲ ಸುತ್ತಿತು. ಈಗ ಒಯ್ಯುವ ಸರದಿ ಅವನದು. ಮೇಕೆ ಇತ್ತು, ಆದರೆ ದೋಣಿಯಲ್ಲಿ ಮೇಕೆ ಕೂರದು. ಹೊಸ ಗುದ್ದಲಿ ಇತ್ತು, ಮರಳಲ್ಲಿ ಅದಕ್ಕೆ ಕೆಲಸವಿಲ್ಲ. ಆಗ ಕಂಬಕ್ಕೆ ಸುತ್ತಿಟ್ಟ ಎತ್ತಿನ ಹಗ್ಗ ಕಂಡಿತು. ರೆಫೋಟಿ ಮಳೆಗಾಲವೆಲ್ಲ ಕೂತು ಹೊಸೆದ ನಾರಿನ ಹಗ್ಗ, ಮೂರೆಳೆ, ಒಂದೇ ದಪ್ಪ, ನುಣುಪು. ಹಾಯಿಯ ನಾಲ್ಕೂ ಅಂಚಿಗೆ ಸುತ್ತಿದರೂ ಮಿಗುವಷ್ಟು.

ಲಹಿಮಾಸಿ ಎದ್ದು ಹೋಗಿ ಅದನ್ನು ಹೆಗಲಿಗೆ ಹಾಕಿಕೊಂಡ.

ರೆಫೋಟಿಯ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಅವನೂ ನಕ್ಕ, ಹಲ್ಲು ಕೀಳಿಸಿಕೊಂಡವನ ಹಾಗೆ. ಲಹಿಮಾಸಿಗೆ ವಾರದಿಂದ ಮೊದಲ ಬಾರಿ ಹೊಟ್ಟೆ ತಣ್ಣಗಾಯಿತು.

ಶುಕ್ರವಾರ ಕೋಳಿ ಕೂಗುವಾಗ ಲಹಿಮಾಸಿಯನ್ನೂ ಹಾಯಿಯನ್ನೂ ಹೇರಿಕೊಂಡು ಹೊರಟ ರೆಫೋಟಿಯ ಗಾಡಿ ಅಂಪಾಸಿ ತಲುಪುವಾಗ ಹೊತ್ತು ಬಹಳ ಏರಿತ್ತು. ಹದಿನಾರು ಹಾಯಿಗಳು ಆಗಲೇ ದೂರದಲ್ಲಿ ಬಿಳಿ ಹಕ್ಕಿಗಳಾಗಿದ್ದವು. ದಡದಲ್ಲಿ ಎರಡು ದೋಣಿ. ಒಂದು ಲಹಿಮಾಸಿಯದು, ಬೋಳು. ಅದರ ಅಂಚಿನ ಮೇಲೆ ವಿನಾನಿ ಕೂತಿದ್ದಳು. ತೊಡೆಯ ಮೇಲೆ ಕೊಡೆಕಡ್ಡಿಯ ಎರಡು ಸೂಜಿ, ದಾರ ಪೋಣಿಸಿ ಸಿದ್ಧ. ಇನ್ನೊಂದರಲ್ಲಿ ಎಡ್ಮೋ, ದೋಣಿ ಮಗುಚದಂತೆ ಪಕ್ಕಕ್ಕೆ ಜೋಡಿಸುವ ತೇಲುಮರದ ಕಟ್ಟುಗಳನ್ನು ಬಿಗಿಯುತ್ತಿದ್ದ. ಬೆಳಗಿನಿಂದ ಅದೇ ಕಟ್ಟನ್ನು ಬಿಚ್ಚಿ ಬಿಚ್ಚಿ ಬಿಗಿಯುತ್ತಿದ್ದಾನೆ ಎಂದು ಮರಳಿನಲ್ಲಿ ಬಿದ್ದ ಅವನ ಹೆಜ್ಜೆಗಳೇ ಹೇಳುತ್ತಿದ್ದವು.

ಭಾವಮೈದುನ ಝಿವಾ ಅಲ್ಲ. ಅವನೆದುರು ನಕ್ಕುಬಿಟ್ಟರೆ ಮುಗಿಯುವುದಿಲ್ಲ. ಲಹಿಮಾಸಿ ಹಾಯಿಯ ಹೊರೆಯನ್ನು ಅವನ ಮುಂದೆ ಇಳಿಸಿದ. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅಭ್ಯಾಸವಿಲ್ಲದ ಮಾತು, ಬಾಗಿಲಲ್ಲೇ ಸಿಕ್ಕಿಕೊಂಡಿತು.

"ನನ್ನ ಹಾಯಿ ನೋಡು" ಎಂದ. "ಒಂದೊಂದು ಮೂಲೆಯೂ."

ಎಡ್ಮೋ ಅವಸರ ಮಾಡಲಿಲ್ಲ. ಹಾಯಿಯನ್ನು ಹಾಸಿ, ಮೊಣಕಾಲೂರಿ, ಒಂದೊಂದೇ ಮೂಲೆ ಎತ್ತಿ ಕಣ್ಣ ಹತ್ತಿರ ಹಿಡಿದು ನೋಡಿದ. "ಹಸಿರು ಗಂಟು. ಇದು ಅಕ್ಕ ಹಾಕಿದ ಹಾಗಿದೆ, ನನ್ನ ಹಾಯಿಯದೇ ಇರಬೇಕು. ಇದೂ ಅನುಮಾನ. ಈ ಆನೆಯನ್ನು ನಾನೆಲ್ಲೋ ನೋಡಿದ್ದೇನೆ. ಮದಾಂ ಜಸ್ತೀನಳನ್ನು ಕರೆಸು ಭಾವ, ಸಾಕ್ಷಿಗೆ." ದಡದಲ್ಲಿ ಉಳಿದ ಮುದುಕರೆಲ್ಲ ಬಂದು ಸುತ್ತ ನಿಂತರು. ಇಪ್ಪತ್ತನಾಲ್ಕು ಚೀಲ ಮುಗಿಯುವವರೆಗೆ ಲಹಿಮಾಸಿ ಬಿಸಿಲಲ್ಲಿ ನಿಂತಿದ್ದ. ರೆಫೋಟಿ ಗಾಡಿಯ ಮೇಲೆ ಕಾಲು ಅಲ್ಲಾಡಿಸುತ್ತ, "ಕಳ್ಳ ನಾನೇ ಅಂತ ಈಗಲೂ ಹೇಳ್ತೇನೆ, ಯಾರೂ ಹಿಡಿಯೋದಿಲ್ಲ" ಎಂದು ಕೂಗಿದ.

ಒಂದು ಮೂಲೆಯಲ್ಲಿ ಮಾತ್ರ ಗಂಟು ಇರಲಿಲ್ಲ. ಅಲ್ಲಿ ಅಂಗೈಯಗಲ ತೇಪೆ.

"ಮೇಕೆ ತಿಂತು" ಎಂದ ರೆಫೋಟಿ. "ಬೆನ್ನಿಗೆ ಎರಡು ಬಿಟ್ಟೆ. ಮೇಕೆಗೆ. ತೇಪೆ ನಾನೇ ಹಾಕಿದೆ."

ಆಮೇಲೆ ಎಡ್ಮೋ ಅಕ್ಕನ ಕೈಯಿಂದ ಒಂದು ಸೂಜಿ ತೆಗೆದುಕೊಂಡ. ಹಗ್ಗವನ್ನು ಅಂಚಿಗಿಟ್ಟು ಒಂದು ಮೂಲೆಯಿಂದ ಅವನು, ಎದುರು ಮೂಲೆಯಿಂದ ಲಹಿಮಾಸಿ ಹೊಲಿಯುತ್ತ ಬಂದರು. ಹಗ್ಗದಿಂದ ಎತ್ತಿನ ವಾಸನೆ ಬರುತ್ತಿತ್ತು. ಇಬ್ಬರ ಸೂಜಿಗಳೂ ಒಂದೆಡೆ ಬಂದು ಸೇರಿದಾಗ ಎಡ್ಮೋ ದಾರ ಕಚ್ಚಿ ಕತ್ತರಿಸಿ, "ಗಂಟು ನೀನೇ ಹಾಕು ಭಾವ. ನಾನು ಹಾಕಿದರೆ ರಾತ್ರಿ ನಿದ್ದೆ ಬರೋದಿಲ್ಲ ನಿನಗೆ" ಎಂದ.

ಸಂಜೆಯ ಏರುನೀರಿಗೆ ಎರಡೂ ದೋಣಿಗಳು ಹೊರಟವು. ಕೋಲುಗಳ ನಡುವೆ ಹಾಯಿ ತುಂಬಿಕೊಂಡಾಗ ಮಡಿಕೆಗಳಲ್ಲಿ ಉಳಿದಿದ್ದ ಜೋಳದ ಕಾಳುಗಳು ಗಂಡಹೆಂಡಿರ ತಲೆಯ ಮೇಲೆ ಉದುರಿದವು. ಹೋದ ವರ್ಷದ ಬಿಳಿಪುಡಿ ನೆನಪಾಗಿ ವಿನಾನಿ ಒಮ್ಮೆ ಮೇಲೆ ನೋಡಿ, ಜೋಳವೇ ಎಂದು ಗೊತ್ತಾದ ಮೇಲೆ ಹೆಕ್ಕಿ ಬಾಯಿಗೆ ಹಾಕಿಕೊಂಡಳು.

ದಡ ಮರೆಯಾಗುವ ಹೊತ್ತಿಗೆ ಗಾಳಿ ಬಲವಾಯಿತು. ಲಹಿಮಾಸಿ ಹುಟ್ಟನ್ನು ಕಂಕುಳಲ್ಲಿ ಒತ್ತಿ ಹಿಡಿದು ದೋಣಿಯ ದಿಕ್ಕು ನೋಡದೆ ಹಾಯಿಯ ಮೂಲೆಯನ್ನೇ ನೋಡುತ್ತಿದ್ದ.

"ಏನು ನೋಡ್ತಾ ಇದ್ದೀಯ?" ಎಂದಳು ವಿನಾನಿ.

"ಆ ತೇಪೆ."

"ಬಿಚ್ಚಿದೆಯಾ?"

"ಇಲ್ಲ. ಅದೇ ಯೋಚನೆ. ಎರಡು ಸಾಲು ಹೊಲಿಗೆ, ಅಂಚಿಗೆ ಕೆಂಡ ಬೇರೆ ಸವರಿದ್ದಾನೆ. ನನ್ನ ಹೊಲಿಗೆಗಿಂತ ಚೆನ್ನಾಗಿದೆ. ಮಣ್ಣು ಅಗೆಯೋನಿಗೆ ಇದೆಲ್ಲ ಯಾಕೆ ಬೇಕಿತ್ತು?"

ವಿನಾನಿಯ ಮುಖದ ಗಂಧ ಒಣಗಿತ್ತು. ತುಟಿಯ ಎರಡೂ ಕೊನೆಗಳಿಂದ ಸಣ್ಣ ಬಿರುಕುಗಳು ಕಿವಿಯತ್ತ ಹೊರಟಿದ್ದನ್ನು ಕಂಡು ಲಹಿಮಾಸಿಗೆ, ಇವಳು ಯಾಕೆ ನಗುತ್ತಿದ್ದಾಳೆ ಎಂಬ ಹೊಸ ಗುಮಾನಿ ಹತ್ತಿತು.